ನಾನು ಫೋಟೋ ತೆಗೆದ ಗಾಡಿಗಳು

ಮನುಷ್ಯರಿಗಿಂತ ಗಾಡಿಗಳ ಫೋಟೋ ತೆಗೆಯುವುದು ಸುಲಭ, ಅವು ಕಣ್ಣು ಮಿಟುಕಿಸುವುದಿಲ್ಲ ಅಂತ ನಂಬಿಕೊಂಡೇ ನಾನು ಹಾಸನದಲ್ಲಿ ಸ್ಟುಡಿಯೋ ತೆರೆದದ್ದು. ಆದರೆ ಗಾಡಿ ಒಂದೇ ಬರುವುದಿಲ್ಲವಲ್ಲ, ಜೊತೆಗೆ ಅದರ ಯಜಮಾನರೂ ಬರುತ್ತಾರೆ. ಮೂರು ಕಾಲಿನ ಸ್ಟ್ಯಾಂಡು ಊರಿ, ತಲೆಯ ಮೇಲೆ ಕರಿ ಬಟ್ಟೆ ಹೊದ್ದೆನೆಂದರೆ ಏನಾದರೊಂದು ಆಗಿಯೇ ತೀರುತ್ತಿತ್ತು.

ನಾಲ್ಕು ಚಕ್ರ

ಚನ್ನರಾಯಪಟ್ಟಣದ ಕಡೆಯ ಗೌಡರೊಬ್ಬರು ಹೊಸ ಕಾರು ತಂದರು. ಸುತ್ತಿನ ಹಳ್ಳಿಗಳಿಗೆಲ್ಲ ಅದೇ ಮೊದಲನೆಯದು. ಹಾರ ಹಾಕಿ ಮನೆಯ ಮುಂದೆ ನಿಲ್ಲಿಸಿದರು, ಜರಿಪೇಟ ಸುತ್ತಿಕೊಂಡು ತಾವೂ ನಿಂತರು. ಕಾರಿನ ಉದ್ದವೆಲ್ಲ ಕಾಣಲಿ ಅಂತ ನಾನು ಪಕ್ಕದಿಂದ ತೆಗೆದೆ.

ವಾರ ಬಿಟ್ಟು ಫೋಟೋ ಕೊಟ್ಟಾಗ ಗೌಡರ ಮುಖ ಸಪ್ಪಗಾಯಿತು.

"ನಾನ್ ತಗಂಡಿದ್ದು ನಾಕ್ ಚಕ್ರದ ಕಾರು ಕಣಪ್ಪ. ಇದ್ರಲ್ಲಿ ಎಲ್ಡೇ ಅವಲ್ಲ?"

"ಮಿಕ್ಕ ಎರಡು ಹಿಂದುಗಡೆ ಇವೆ ಗೌಡರೇ" ಅಂದೆ.

ಗೌಡರು ಫೋಟೋ ತಿರುಗಿಸಿ ಅದರ ಬೆನ್ನು ನೋಡಿದರು.

"ಇಲ್ಲೂ ಇಲ್ವಲ್ಲಪ್ಪ!"

ಹರಿಗೋಲಿನ ಮದುಮಗ

ಹೊಳೆನರಸೀಪುರದ ಹತ್ತಿರ ಗಂಡಿನ ದಿಬ್ಬಣ ಹೇಮಾವತಿ ದಾಟುವುದಿತ್ತು. ಹೆಣ್ಣಿನ ಅಜ್ಜಿ ಹಾಸಿಗೆ ಹಿಡಿದಿದ್ದರು, ಮದುವೆಗೆ ಬರುವ ಹಾಗಿರಲಿಲ್ಲ. ಮೊಮ್ಮಗಳ ಗಂಡನನ್ನು ಫೋಟೋದಲ್ಲಾದರೂ ನೋಡಲಿ ಅಂತ ಹೆಣ್ಣಿನ ತಂದೆ ನನ್ನನ್ನು ದಡದಲ್ಲಿ ನಿಲ್ಲಿಸಿದ್ದರು.

ಹರಿಗೋಲು ದುಂಡಗಿನದು, ನಡುನೀರಿನಲ್ಲಿ ಬುಗುರಿಯ ಹಾಗೆ ತಿರುಗುತ್ತಿತ್ತು.

"ಒಂದು ಗಳಿಗೆ ನಿಲ್ಲಿಸಪ್ಪಾ!" ಎಂದು ಕೂಗಿದೆ.

"ನಾನ್ ನಿಲ್ತೀನಿ ಸಾ, ವಳೆ ನಿಲ್ಬೇಕಲ್ಲ!" ಅಂದ ಅಂಬಿಗ.

ಮದುಮಗನ ಮುಖ ಈ ಕಡೆ ಬರಲಿ ಅಂತ ಕಾದು ಕಾದು ಒತ್ತಿದೆ. ಅಷ್ಟರಲ್ಲಿ ಹರಿಗೋಲು ಅರ್ಧ ಸುತ್ತು ತಿರುಗಿತ್ತು. ಫೋಟೋ ಮೂಡುವ ಗಾಜಿನ ಪ್ಲೇಟು ಇದ್ದದ್ದು ಒಂದೇ. ಅದರಲ್ಲಿ ಬಂದದ್ದು ಎಂಟು ಬೆನ್ನು, ಒಂದು ಮುಖ. ಆ ಮುಖ ಅಂಬಿಗನದು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ.

ಅಜ್ಜಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, ಆ ಮುಖದ ಮೇಲೆ ಬೆರಳಿಟ್ಟರು. "ನಗ್ತಾ ಅವ್ನೆ. ನಮ್ ಮಗು ಸುಖವಾಗಿರ್ತಾಳೆ ಬುಡಿ" ಅಂದರು. ಅಂದಿನಿಂದ ಚೇತರಿಸಿಕೊಂಡು ಎದ್ದು ಓಡಾಡತೊಡಗಿದರು. ಆದ್ದರಿಂದ ಮನೆಯವರು ಯಾರೂ ಬಾಯಿ ಬಿಡಲಿಲ್ಲ. ಅಳಿಯ ಮನೆಗೆ ಬಂದಾಗ ಮಾತ್ರ ಅಜ್ಜಿ, "ಯಾಕಪ್ಪಾ, ಇಷ್ಟು ಸೊರಗೋಗಿದ್ದೀಯ?" ಎಂದು ಕಣ್ಣಲ್ಲಿ ನೀರು ತಂದುಕೊಂಡರಂತೆ.

ಇದ್ದಿಲ ಬಸ್ಸು

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಇದ್ದಿಲ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಅರಕಲಗೂಡಿನ ಬಸ್ ಮಾಲೀಕರೊಬ್ಬರಿಗೆ ತಮ್ಮ ಬಸ್ಸು ಏರು ಹತ್ತುವುದಿಲ್ಲ ಅಂತ ಜನ ಆಡಿಕೊಳ್ಳುವುದನ್ನು ಸಹಿಸಲಾಗಲಿಲ್ಲ.

"ಏರು ಹತ್ತೋವಾಗ್ಲೇ ಒಂದು ಫೋಟೋ ತೆಗೀರಿ, ಎಲ್ರ ಬಾಯಿ ಮುಚ್ಚುಸ್ತೀನಿ" ಅಂದರು.

ಬಸ್ಸು ಏರಿನ ಅರ್ಧಕ್ಕೆ ಬಂದು, ಕೆಮ್ಮಿ, ನಿಂತಿತು. ಮಾಲೀಕರು ಎದೆಗುಂದಲಿಲ್ಲ. ಪ್ರಯಾಣಿಕರನ್ನೆಲ್ಲ ಇಳಿಸಿ, "ಹಿಂದೆ ಬಗ್ಗಿ ತಳ್ಳಿ. ಒಬ್ಬರ ತಲೆಯೂ ಕಾಣಬಾರದು" ಅಂದರು. ನಾನು ಮುಂದಿನಿಂದ ತೆಗೆದೆ. ತಲೆ ಒಂದೂ ಕಾಣಲಿಲ್ಲ. ಆದರೆ ಬಸ್ಸಿನ ಅಡಿಯಲ್ಲಿ ಸಾಲಾಗಿ ಹತ್ತು ಜೊತೆ ಕಾಲು!

ಮಾಲೀಕರು ಅದನ್ನು ಗಮನಿಸದೆ ಫ್ರೇಮು ಹಾಕಿಸಿ ಬಸ್ ಸ್ಟ್ಯಾಂಡಿನಲ್ಲಿ ತೂಗುಹಾಕಿದರು. ರುದ್ರಪಟ್ಟಣಕ್ಕೆ ಹೊರಟಿದ್ದ ರೈತನೊಬ್ಬ ಅದನ್ನು ನೋಡಿ ಜೊತೆಯವನಿಗೆ ಹೇಳಿದ: "ಇದ್ರಲ್ಲೇ ಓಗನ ಬಾರ್ಲಾ. ಚಕ್ರ ಕೆಟ್ರೂ ಕಾಲ್ ಅವೆ ಇದ್ಕೆ!"

ಗಾರ್ಡು ಮತ್ತು ರೈಲು

ನಮ್ಮ ಲೈನಿನಲ್ಲಿ ಒಬ್ಬ ಗಾರ್ಡ್ ಇದ್ದರು. ತುಂಬ ಶಿಸ್ತಿನ ಮನುಷ್ಯ. ಸರ್ವಿಸಿನಲ್ಲಿ ಒಂದೂ ತಪ್ಪಿಲ್ಲ ಅನ್ನುವುದೇ ಅವರ ಹೆಮ್ಮೆ. ರಿಟೈರಾಗುವ ತಿಂಗಳು ತಮ್ಮ ರೈಲಿನ ಜೊತೆ ಒಂದು ಫೋಟೋ ಬೇಕು ಅಂದರು. ಹಾಸನ ಸ್ಟೇಷನ್ನಿನಲ್ಲಿ ರೈಲು ನಿಂತಾಗ, ಕಡೆಯ ಡಬ್ಬಿಯ ಮುಂದೆ ಅವರನ್ನು ನಿಲ್ಲಿಸಿದೆ. ಸ್ಟೇಷನ್ ಮಾಸ್ತರರು, "ನಾನೂ ಇರ್ತೀನಿ ರೀ" ಅಂತ ಕೋಟಿನ ಗುಂಡಿ ಹಾಕಿಕೊಂಡು ಪಕ್ಕಕ್ಕೆ ಬಂದರು.

ಪ್ಲಾಟ್‌ಫಾರಂ ನೆರಳಿನಲ್ಲಿ ಬೆಳಕು ಕಡಿಮೆ, ಲೆನ್ಸನ್ನು ತುಸು ಹೊತ್ತು ತೆರೆದೇ ಇಡಬೇಕಿತ್ತು. ಗಾರ್ಡ್ ಕೈಯಲ್ಲಿ ಏನಾದರೂ ಇದ್ದರೆ ಚೆನ್ನ ಅನ್ನಿಸಿ, "ಹಸಿರು ಬಾವುಟ ಹಿಡೀರಿ ಸಾರ್. ಇನ್ನೂ ಮೇಲೆ. ಹಾಂ! ನಾನು ಸಾಕು ಅನ್ನೋವರೆಗೆ ಇಬ್ಬರೂ ಅಲ್ಲಾಡಬೇಡಿ, ಉಸಿರೂ ಬಿಡಬೇಡಿ" ಎಂದು ಹೇಳಿ ಕರಿ ಬಟ್ಟೆಯೊಳಗೆ ಹೊಕ್ಕೆ.

ಅತ್ತ ಇಂಜಿನ್ ಡ್ರೈವರು ಹಿಂದಿರುಗಿ ನೋಡಿದ್ದಾನೆ. ಗಾರ್ಡು ಹಸಿರು ಬಾವುಟ ಎತ್ತಿದ್ದಾರೆ. ಸೀಟಿ ಹಾಕಿ ಹೊರಟೇಬಿಟ್ಟ!

ನಾನು ಫೋಟೋ ತೆಗೆದು ಬಟ್ಟೆಯಿಂದ ತಲೆ ಹೊರಗೆ ಹಾಕುವ ಹೊತ್ತಿಗೆ ರೈಲು ಪ್ಲಾಟ್‌ಫಾರಂ ದಾಟುತ್ತಿತ್ತು. ಇವರಿಬ್ಬರೂ ಕೆಂಪಗೆ ಊದಿದ ಮುಖದಲ್ಲಿ ಬೊಂಬೆಗಳ ಹಾಗೆ ನಿಂತೇ ಇದ್ದಾರೆ.

"ಸಾರ್, ರೈಲು!" ಎಂದು ಕಿರುಚಿದೆ.

ಗಾರ್ಡ್ ತುಟಿ ಅಲ್ಲಾಡಿಸದೆ ಕೇಳಿದರು: "ಸಾಕೇ?"

ಪುಣ್ಯಕ್ಕೆ ಕಡೆಯ ಡಬ್ಬಿಯ ಜನ ಕೂಗಿಕೊಂಡು, ಸರಪಳಿ ಎಳೆದು ರೈಲು ನಿಲ್ಲಿಸಿದರು. ಗಾರ್ಡ್ ಟೋಪಿ ಹಿಡಿದುಕೊಂಡು ಓಡಿ ಹತ್ತಿದರು. ಈ ತಪ್ಪಿನ ಬಗ್ಗೆ ವರದಿ ಬರೆಯಬೇಕಾದವರು ಸ್ಟೇಷನ್ ಮಾಸ್ತರರು. ಅವರು ಬರೆಯಲಿಲ್ಲ. ಬರೆದರೆ ತಾವು ಎಲ್ಲಿ ನಿಂತಿದ್ದರು ಅನ್ನುವುದನ್ನೂ ಬರೆಯಬೇಕಿತ್ತಲ್ಲ!

ಗಾರ್ಡ್ ಕಪ್ಪು ಚುಕ್ಕೆಯಿಲ್ಲದೆ ರಿಟೈರಾದರು. ಫೋಟೋ ಒಯ್ಯಲು ಸ್ಟುಡಿಯೋಗೆ ಬಂದಾಗ ನಾನು ಅಳುಕುತ್ತಲೇ ಕೊಟ್ಟೆ. ಇಬ್ಬರೂ ಕೆತ್ತಿದ ಹಾಗೆ ಮೂಡಿದ್ದರು. ಹಿಂದೆ ರೈಲು ಇದ್ದ ಜಾಗದಲ್ಲಿ ಬರೀ ಒಂದು ಹೊಗೆಯಂಥ ಗೀಟು.

ಗಾರ್ಡ್ ಕನ್ನಡಕ ಏರಿಸಿ ನೋಡಿದರು, ತೃಪ್ತಿಯಿಂದ ತಲೆಯಾಡಿಸಿದರು.

"ನಾವಿಬ್ಬರೂ ನೀವು ಹೇಳಿದ ಹಾಗೇ ನಿಂತಿದ್ದೀವಿ ನೋಡಿ" ಅಂದರು. "ರೈಲೇ ಅಲ್ಲಾಡಿಬಿಡ್ತು."