ಹೊಗೆಸೊಪ್ಪಿನ ಹೆಬ್ಬೆರಳು

ನನಗೊಂದು ಕೆಟ್ಟ ಚಾಳಿಯಿದೆ. ಎದುರಿಗಿದ್ದವರು ಏನು ಹೇಳುತ್ತಿದ್ದಾರೆ ಅನ್ನುವುದು ನನ್ನ ಕಿವಿಗೆ ಬೀಳುವುದೇ ಇಲ್ಲ. ಹೇಗೆ ಹೇಳುತ್ತಿದ್ದಾರೆ ಅನ್ನುವುದು ಮಾತ್ರ ಬೀಳುತ್ತದೆ. ಮೇಷ್ಟ್ರು ವರ್ಷಗಟ್ಟಲೆ ಪಾಠ ಮಾಡಿದರು, ನಾನು ಕಲಿತದ್ದು ಅವರು ವಾಕ್ಯದ ಕೊನೆಗೆ ಮೂಗಿನಿಂದ ಬಿಡುತ್ತಿದ್ದ ಒಂದು 'ಹ್ಞಾಂ' ಮಾತ್ರ. ಡಾಕ್ಟರು ಮಾತ್ರೆ ಕೊಟ್ಟು ಊಟಕ್ಕೆ ಮುಂಚೆಯೋ ಆಮೇಲೋ ಅಂತ ಬಿಡಿಸಿ ಹೇಳಿದರೆ, ನಾನು ಮನೆಗೆ ಬಂದು ಅವರು ಕನ್ನಡಕ ಮೇಲೆತ್ತಿ ಕೆಮ್ಮುವುದನ್ನು ಅವ್ವನಿಗೆ ಮಾಡಿ ತೋರಿಸುತ್ತೇನೆ. ಅವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ನಕ್ಕು ಮುಗಿದ ಮೇಲೆ, "ಅದಿರ್ಲಿ ಮಗಾ, ಮಾತ್ರೆ ಯಾವಾಗ್ ನುಂಗ್ಬೇಕಂತೆ?" ಅಂತಾಳೆ. ನನಗೇನು ಗೊತ್ತು! ಇಂಥವನು ಮಿಮಿಕ್ರಿ ಕಲಾವಿದನಾಗದೆ ಇನ್ನೇನಾದಾನು, ನೀವೇ ಹೇಳಿ.

ಕಲಾವಿದನಾದೆ ಸರಿ, ರಂಗಮಂಟಪ ಬೇಡವೇ? ನನ್ನ ರಂಗಮಂಟಪ ಇಷ್ಟು ದಿನ ನಮ್ಮ ಬ್ಯಾರನ್ ಮುಂದಿನ ಜಾಗ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಮಿಕ್ಕವರಿಗಾಗಿ ಹೇಳುತ್ತೇನೆ: ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಸಾಲಾಗಿ ನೇತುಹಾಕಿ, ಕೆಳಗಿಂದ ಬೆಂಕಿಯ ಕಾವು ಕೊಟ್ಟು ಹದ ಮಾಡುವ ಎತ್ತರದ ಮನೆ. ಅದರ ಮುಂದೆ ಕೂತು ಸೊಪ್ಪು ಕಟ್ಟುವ ಹೆಂಗಸರೇ ನನ್ನ ಪ್ರೇಕ್ಷಕರು. ಕಟ್ಟೆಮಳಲವಾಡಿ ರೂಟಿನ ಬಸ್ ಕಂಡಕ್ಟರನ್ನು ಮಾಡಿದರೆ ನಗುತ್ತಾರೆ, ನಮ್ಮಪ್ಪನನ್ನು ಮಾಡಿದರೆ ಇನ್ನೂ ನಗುತ್ತಾರೆ, ಅವರನ್ನೇ ಮಾಡಿದರೆ ಸೊಪ್ಪಿನ ದಂಟು ಎಸೆಯುತ್ತಾರೆ. ಏನೇ ಆದರೂ ಎದ್ದು ಹೋಗುವ ಹಾಗಿಲ್ಲ, ಕೈತುಂಬ ಕೆಲಸ. ಇಂಥ ಪ್ರೇಕ್ಷಕರು ಯಾರಿಗುಂಟು!

ಅವರೇ ಒಂದು ದಿನ ಹೇಳಿದರು: "ಇವನ್ನೆಲ್ಲ ವಿಡಿಯೋ ಮಾಡಿ ಬುಡ್ಲಾ ಮಂಜ, ಊರೋರು ನೋಡ್ಲಿ." ವಿಡಿಯೋ ಮಾಡಲು ನನ್ನ ಬಳಿ ಇದ್ದದ್ದು ಬಟನ್ ಫೋನು. ಅದರಲ್ಲಿ ಹಾವಿನ ಆಟ ಒಂದು ಬಿಟ್ಟು ಬೇರೆ ಯಾವ ಕಲೆಗೂ ಅವಕಾಶವಿರಲಿಲ್ಲ. ಅಪ್ಪನಿಗೆ ಅರ್ಜಿ ಹಾಕಿದೆ. ಅಪ್ಪ, "ಈ ಸಲ ಸೊಪ್ಪು ಮುರಿಯಾಕೆ ಮೈ ಬಗ್ಸು, ಕೊಡುಸ್ತೀನಿ. ಆದ್ರೆ ರೇಟು ಕಮ್ಮಿ ಇರ್ಬೇಕು, ಬಾಳಿಕೆ ಬರ್ಬೇಕು" ಅಂದ. ಇವೆರಡೂ ಒಟ್ಟಿಗಿರುವ ವಸ್ತುವನ್ನು ಪ್ರಪಂಚದಲ್ಲಿ ಇನ್ನೂ ಯಾರೂ ಮಾಡಿಲ್ಲ ಅನ್ನುವುದು ಅಪ್ಪನಿಗೂ ಗೊತ್ತು. ಆದರೂ ನಾನು ಮೈ ಬಗ್ಗಿಸಿದೆ. ಅಷ್ಟು ಆಸೆ!

ಫೋನು ಆರಿಸಲು ಹುಣಸೂರಿಗೆ ಹೊರಟವರು ಮೂವರು. ನಾನು, ಅಪ್ಪ, ಮತ್ತು ನನ್ನ ಗೆಳೆಯ ನಾಗೇಶ. ಈ ನಾಗೇಶ ಫೋನುಗಳ ಬಗ್ಗೆ ಫೋನಿನಲ್ಲೇ ಬರುವ ವಿಡಿಯೋಗಳನ್ನೆಲ್ಲ ನೋಡಿ ಪಂಡಿತನಾದವನು. ಬಸ್ಸಿನುದ್ದಕ್ಕೂ ರ್ಯಾಮು, ಪ್ರೊಸೆಸರು, ಮೆಗಾಪಿಕ್ಸೆಲ್ಲು ಅಂತ ಉಪದೇಶ ಮಾಡಿದ. ನನಗೆ ಅದರಲ್ಲಿ ಉಳಿದದ್ದು, ಅವನು 'ಪ್ರೊಸೆಸರು' ಅನ್ನುವಾಗ ಎಡಗಣ್ಣು ಸಣ್ಣದು ಮಾಡುತ್ತಾನೆ ಅನ್ನುವುದು. ಅಂಗಡಿಯವನು ಇನ್ನೂ ಸೊಗಸು. ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು, ಗೋತ್ರ, ನಕ್ಷತ್ರ ಹೇಳುವ ರಾಗದಲ್ಲೇ, "ಡಬಲ್ ಸಿಮ್ಮು, ದೊಡ್ಡ ಬ್ಯಾಟ್ರಿ, ಮುಂದೊಂದು ಕ್ಯಾಮ್ರಾ, ಹಿಂದೆ ಎರಡು ಕ್ಯಾಮ್ರಾ, ಕವರ್ ಫ್ರೀ..." ಅಂತ ಒಂದೇ ಉಸಿರಿಗೆ ಎಳೆಯುತ್ತಿದ್ದ. ಎಲ್ಲಿ ಕೈಮುಗಿದು ಬಿಡುತ್ತೇನೋ ಅನ್ನಿಸಿತು.

ಅಪ್ಪ ಫೋನನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದ, ನಾಲ್ಕೂ ಮೂಲೆ ಸವರಿದ, ಬೆಳಕಿಗೆ ಹಿಡಿದ. ಎತ್ತು ಕೊಳ್ಳುವಾಗ ಸುಳಿ ನೋಡುತ್ತಾರಲ್ಲ, ಹಾಗೆ. ಅಂಗಡಿಯವನು ಅದನ್ನು ಇಸಕೊಂಡು ನನ್ನ ಕೈಗಿಟ್ಟ. ಆಗ ಅಪ್ಪ ಕೇಳಿದ: "ಬಿದ್ರೆ ಏನಾಯ್ತದೆ ಸ್ವಾಮಿ?"

"ಬೀಳಿಸ್ಬಾರ್ದು ಯಜಮಾನ್ರೇ."

"ಅಂಗಾರೆ ಇವನ ಕೈಗೆ ಯಾಕ್ ಕೊಟ್ರಿ? ಈಚೆಗ್ ಕೊಡ್ಲಾ."

ಅಂತೂ ಇಂತೂ ನೀಲಿಯದೊಂದನ್ನು ಹಿಡಿದು ತಂದೆವು. ಅದರಲ್ಲಿ ಪ್ರೊಸೆಸರು ಸಾಲದು ಅಂತ ನಾಗೇಶ, ತೂಕ ಸಾಲದು ಅಂತ ಅಪ್ಪ. ನನಗಂತೂ ಬಸ್ಸಿನಲ್ಲಿ ಕೂರಲೂ ಆಗಲಿಲ್ಲ. ಜೇಬಿನಲ್ಲಿಟ್ಟರೆ ಬಗ್ಗೀತು, ಕೈಯಲ್ಲಿಟ್ಟರೆ ಜಾರೀತು ಅಂತ ಎದೆಗೆ ಒತ್ತಿಕೊಂಡು ನಿಂತೇ ಬಂದೆ. ಎದೆನೋವು ಅಂದುಕೊಂಡು ಒಬ್ಬ ಅಜ್ಜಿ ಸೀಟು ಬಿಟ್ಟುಕೊಟ್ಟಳು.

ಹೊಸ ಫೋನಿಗೆ ಹೊಂದಿಕೊಳ್ಳುವುದು ಅಂದರೆ ಹೊಸ ನೆಂಟನನ್ನು ಮನೆಯಲ್ಲಿಟ್ಟುಕೊಂಡ ಹಾಗೆ. ಯಾವುದಕ್ಕೆ ಮುನಿಯುತ್ತಾನೋ, ಯಾವಾಗ ಕೂಗಿಕೊಳ್ಳುತ್ತಾನೋ ತಿಳಿಯುವುದಿಲ್ಲ. ಮೊದಲ ದಿನ ಅಪ್ಪನ ಫೋಟೊ ತೆಗೆದೆ. ಆ ಕ್ಯಾಮೆರಾಕ್ಕೆ ಮುಖಗಳನ್ನು ತಾನೇ ಚೆಂದ ಮಾಡುವ ಚಟ. ಬಿಸಿಲಲ್ಲಿ ಬೆಂದ ಅಪ್ಪನಿಗೆ ಹಾಲು ಬಳಿದು, ಸುಕ್ಕೆಲ್ಲ ಅಳಿಸಿ, ಅರ್ಧ ಮೀಸೆಯನ್ನೂ ಒರೆಸಿಹಾಕಿತ್ತು. ಅಪ್ಪ ಬಹಳ ಹೊತ್ತು ನೋಡಿ, "ಯಾರ್ಲಾ ಇವ್ನು? ನಿಮ್ಮವ್ವನ ಕಡೆಯೋನಂಗೆ ಅವ್ನೆ" ಅಂದ. ಅವ್ವ ಅದನ್ನು ಇಸಕೊಂಡು ನೋಡಿ, "ನಮ್ ಕಡೆಯೋರು ಚೆಂದಾಗವ್ರೆ ಅಂತ ಈಗಲಾದ್ರೂ ಒಪ್ಕಂಡೆಯಲ್ಲ" ಅಂದಳು.

ಮಾರನೆಯ ದಿನ ನಾಗೇಶ ನಮ್ಮ ಹೊಲಕ್ಕೇ ಬಂದು ಫೋನಿಗೆ ಬೀಗ ಹಾಕಿಕೊಟ್ಟ. ಅಂದು ಬೆಳಿಗ್ಗೆಯಿಂದ ಸೊಪ್ಪು ಮುರಿದಿದ್ದೆವು. ಹಸಿ ಹೊಗೆಸೊಪ್ಪು ಮುರಿದವರ ಕೈ ನೋಡಿದ್ದೀರಾ? ಸೊಪ್ಪಿನಲ್ಲಿ ಒಂದು ಅಂಟು ಇರುತ್ತದೆ, ಅದು ಪದರ ಪದರವಾಗಿ ಮೆತ್ತಿಕೊಂಡು ಕರ್ರಗಾಗಿ, ಕೈ ಅನ್ನುವುದು ಡಾಂಬರು ಹಾಕಿದ ರಸ್ತೆಯಾಗಿರುತ್ತದೆ. ಸಾಬೂನಿಗೆ ಜಗ್ಗುವುದಿಲ್ಲ, ನಿಂಬೆಹುಳಿ ಹಾಕಿ ಉಜ್ಜಬೇಕು. ನಾನೋ, ಮನೆಗೆ ಹೋಗಿ ಕೈ ತೊಳೆದು ಬರುವಷ್ಟು ತಾಳ್ಮೆ ಇದ್ದವನಲ್ಲ. ಆ ಡಾಂಬರು ಹೆಬ್ಬೆರಳನ್ನೇ ಫೋನಿನ ಪಕ್ಕದ ಬಟನ್ ಮೇಲೆ ಒತ್ತಿದೆ. ಒತ್ತು, ಬಿಡು, ಒತ್ತು, ಬಿಡು ಅಂತ ಫೋನು ನನ್ನ ಬೆರಳನ್ನು ಕಲಿಯಿತು. ಕಲಿತ ಮೇಲೆ ಮುಟ್ಟಿದರೆ ಸಾಕು, ಟಕ್ ಅಂತ ತೆರೆಯುತ್ತಿತ್ತು! ಸಾಲಿನ ಆ ತುದಿಯವರೆಗೆ ಓಡಿ ಹೋಗಿ ಎಲ್ಲರಿಗೂ ತೆರೆದು ತೋರಿಸಿ ಬಂದೆ.

ಬೆರಳು ಕೆಲಸ ಮಾಡದಿದ್ದರೆ ಇರಲಿ ಅಂತ ನಾಗೇಶ ಒಂದು ನಂಬರನ್ನೂ ಇಟ್ಟ. ಇಟ್ಟು, ಮೂಗೆಳೆದುಕೊಂಡು, ಎಡಗಣ್ಣು ಸಣ್ಣದು ಮಾಡಿ, "ನೋಡ್ಲಾ ಮಂಜ, ಬಲು ಇಂಪಾರ್ಟೆಂಟು ಇದು, ಮರೀಬ್ಯಾಡ" ಅಂತ ನಂಬರನ್ನು ಎರಡು ಸಲ ಹೇಳಿದ. ಅವನು ಹೇಳುತ್ತಿದ್ದಾಗಲೇ ನಾನೂ ಮೂಗೆಳೆದುಕೊಂಡು, ಎಡಗಣ್ಣು ಸಣ್ಣದು ಮಾಡಿ ಹೆಂಗಸರ ಕಡೆ ತಿರುಗಿ ಅವನ ಹಾಗೇ ಹೇಳುತ್ತಿದ್ದೆ. ಭಾರಿ ನಗು ಬಂತು. ನಾಗೇಶ ನೊಂದುಕೊಂಡು ಅವತ್ತೇ ಬಸ್ಸು ಹತ್ತಿ, ಎಚ್.ಡಿ. ಕೋಟೆ ಆಚೆ ಕಾಡಂಚಿನಲ್ಲಿರುವ ಅವನ ಅಕ್ಕನ ಊರಿಗೆ ಹೋದ. ಅಲ್ಲಿ ಆನೆ ಸಿಕ್ಕರೂ ನೆಟ್‌ವರ್ಕ್ ಸಿಗುವುದಿಲ್ಲ.

ಅದರ ಮರುದಿನ ಮಧ್ಯಾಹ್ನ ಫೋನು ಬಂತು. ಕೆ.ಆರ್. ನಗರದಲ್ಲಿ ಆರ್ಕೆಸ್ಟ್ರಾ ನಡೆಸುವ ಶಿವಣ್ಣ! ಭಾನುವಾರ ಭೇರ್ಯದಲ್ಲಿ ಒಂದು ಮದುವೆ ಆರತಕ್ಷತೆಗೆ ಅವರ ಕಾರ್ಯಕ್ರಮ, ಅವರ ಮಿಮಿಕ್ರಿಯವನಿಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿಲ್ಲವಂತೆ. "ಯಾರೋ ನಿನ್ ಹೆಸ್ರು ಹೇಳಿದ್ರಪ್ಪ. ಏನೇನ್ ಮಾಡ್ತೀಯೋ ವಿಡಿಯೋ ಮಾಡಿ ಇವತ್ತು ಸಂಜೆ ಒಳಗೆ ಕಳ್ಸು. ಹಿಡಿಸ್ತು ಅಂದ್ರೆ ನೀನೇ. ಕತ್ತಲಾಯ್ತು ಅಂದ್ರೆ ಮೈಸೂರಿಂದ ಬೇರೆಯೋನ್ನ ಕರೆಸ್ತೀನಿ" ಅಂದರು. ನನಗೆ ಸ್ಟೇಜು! ಮೈಕು! ಸೊಪ್ಪು ಕಟ್ಟದೆಯೂ ನನ್ನನ್ನು ನೋಡುವ ಜನ!

ಫೋನನ್ನು ಒಂದು ಮಂಕರಿ ಬುಟ್ಟಿಗೆ ಒರಗಿಸಿ, ಅದು ಬಿದ್ದು, ಮತ್ತೆ ಒರಗಿಸಿ, ಅವ್ವನನ್ನು ಕಾವಲಿಗಿಟ್ಟು ಬ್ಯಾರನ್ ಮುಂದೆಯೇ ವಿಡಿಯೋ ಮಾಡಿದೆ. ಕಂಡಕ್ಟರು ಬಂದ, ಅಂಗಡಿಯವನು ಬಂದ, ಡಾಕ್ಟರು ಕೆಮ್ಮಿದರು. ಬ್ಯಾರನ್, ಹೊಲದ ಹತ್ತಿರ ಮಾತಿಗಾಗುವಷ್ಟು ನೆಟ್‌ವರ್ಕ್ ಇದೆ, ವಿಡಿಯೋ ಹೋಗುವಷ್ಟಿಲ್ಲ; ಕಳಿಸಬೇಕಾದರೆ ಬಸ್ ಸ್ಟಾಪಿಗೆ ಹೋಗಬೇಕು. ಆರ್ಕೆಸ್ಟ್ರಾ ಕಲಾವಿದ ಕೊಳಕು ಕೈಯಲ್ಲಿ ಬಸ್ ಸ್ಟಾಪಿಗೆ ಹೋಗುವುದೇ? ನಿಂಬೆಹಣ್ಣು ಹಿಂಡಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಕೈ ತೊಳೆದೆ. ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತು, ಗತ್ತಿನಿಂದ ಹೆಬ್ಬೆರಳು ಇಟ್ಟೆ.

ಫೋನು ಗುರ್ರ್ ಅಂದಿತು. ಮತ್ತೆ ಇಟ್ಟೆ. ಗುರ್ರ್. ಒರೆಸಿ ಇಟ್ಟೆ, ಊದಿ ಇಟ್ಟೆ, ದೇವರ ಹೆಸರು ಹೇಳಿ ಇಟ್ಟೆ. 'ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ' ಅಂತ ಬಂತು. ಪಕ್ಕದವರ ಫೋನು ಇಸಕೊಂಡು ನಾಗೇಶನಿಗೆ ಹಚ್ಚಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆ. ಅವನು ಹೇಳಿದ ನಂಬರು ನೆನಪಿಸಿಕೊಳ್ಳೋಣವೆಂದು ಕಣ್ಣು ಮುಚ್ಚಿದೆ. ಮೂಗೆಳೆದದ್ದು ನೆನಪಾಯಿತು, ಎಡಗಣ್ಣು ನೆನಪಾಯಿತು, 'ಇಂಪಾರ್ಟೆಂಟು' ಅನ್ನುವಾಗ ಗಂಟಲುಮಣಿ ಕುಣಿದದ್ದೂ ನೆನಪಾಯಿತು. ನಂಬರು ಒಂದು ಬಿಟ್ಟು!

ಬಿಸಿಲು ಇಳಿಯುತ್ತಿತ್ತು. ಓಡುತ್ತ ಮನೆಗೆ ಬಂದೆ. ಅವ್ವನ ಮುಂದೆ ಹೆಬ್ಬೆರಳು ಚಾಚಿ ಗೋಳಾಡುವಾಗ ಆ ಬೆರಳನ್ನು ನಾನೇ ಮೊದಲ ಸಲ ಸರಿಯಾಗಿ ನೋಡಿದೆ. ಎಳೆಮಗುವಿನ ಕೆನ್ನೆಯ ಹಾಗೆ ಕೆಂಪಗೆ, ನುಣ್ಣಗೆ ಇತ್ತು. ಫೋನು ಕಲಿತದ್ದು ಇದನ್ನಲ್ಲ, ಡಾಂಬರಿನದನ್ನು! ಪಾಪ, ಅದರದೇನು ತಪ್ಪು? ಅದರ ಪ್ರಕಾರ ಯಾರೋ ಕಳ್ಳ ಬೆಳ್ಳನೆಯ ಬೆರಳು ಹಿಡಿದು ಮಂಜನ ಫೋನು ತೆರೆಯಲು ಬಂದಿದ್ದಾನೆ.

ಇಸ್ತ್ರಿ ಅಂಗಿಯಲ್ಲೇ ಹೊಲಕ್ಕೆ ಹಾರಿದೆ. ಹಣ್ಣಾದ ಸೊಪ್ಪೆಲ್ಲ ಮುರಿದಾಗಿತ್ತು. ಆದರೆ ಎಲೆಯ ಕಂಕುಳಲ್ಲಿ ಚಿಗುರುವ ಕುಡಿಗಳು ಹಾಗೇ ಇದ್ದವು; ಅವನ್ನು ಮುರಿಯದಿದ್ದರೆ ಸೊಪ್ಪು ಬಲಿಯುವುದಿಲ್ಲ. ಫೋನು ಬಂದಾಗಿನಿಂದ ಅಪ್ಪ "ಕುಡಿ ಮುರೀಲಾ, ಕುಡಿ ಮುರೀಲಾ" ಅಂತ ಬಡಕೊಳ್ಳುತ್ತಿದ್ದ, ನಾನು ಕೇಳಿಸಿಕೊಂಡಿರಲಿಲ್ಲ. ಅಂಟು ಎಲ್ಲಕ್ಕಿಂತ ಹೆಚ್ಚು ಇರುವುದೇ ಆ ಕುಡಿಯಲ್ಲಿ. ನಾನು ಸಾಲಿಗೆ ನುಗ್ಗಿ ಚಟಚಟ ಮುರಿಯುವುದನ್ನು ಕಂಡು ಬದುವಿನ ಮೇಲಿದ್ದ ಅಪ್ಪನ ಬಾಯಿಂದ ಬೀಡಿ ಬಿತ್ತು. ವಿಷಯ ಹೇಳಿದೆ. ಅಪ್ಪ ಗಂಭೀರವಾಗಿ ನನ್ನ ಬೆರಳು ಹಿಡಿದು ನೋಡಿದ.

"ಊಂ ಊಂ, ಇನ್ನೂ ಮೆತ್ಕಂಡಿಲ್ಲ. ಈ ಸಾಲು ಮುಗ್ಸು."

ಮುಗಿಸಿದೆ. ಫೋನು ಗುರ್ರ್ ಅಂದಿತು.

"ವಸಿ ತೆಳು ಆಯ್ತು ಕಣ್ಲಾ. ಆ ಸಾಲೂ ನೋಡು."

"ಅಪ್ಪಾ, ಒತ್ತು ಮುಳುಗ್ತಾ ಅದೆ!"

"ಅದುಕ್ಕೇ ಬಿರ್ರನೆ ಮುರಿ ಅನ್ನಾದು. ಮಾತಾಡುದ್ರೆ ಅಂಟು ಒಣಗೋಯ್ತದೆ."

ಆ ಬದಿಯ ಸಾಲು, ಈ ಬದಿಯ ಸಾಲು, ಕೊನೆಗೆ ಪಂಪ್‌ಸೆಟ್ ಪಕ್ಕದ ಸಾಲು. ಅಂಗಿ ಹೋಯಿತು, ಇಸ್ತ್ರಿ ಹೋಯಿತು. ಕೈ ಮತ್ತೆ ಡಾಂಬರಾಯಿತು. ಹೆಬ್ಬೆರಳು ಇಟ್ಟೆ. ಟಕ್! ತೆರೆಯಿತು! ನಾನು ಕಿರುಚಿದ ರಭಸಕ್ಕೆ ಪಕ್ಕದ ಹೊಲದಲ್ಲಿ ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಪಂಪ್‌ಸೆಟ್ ಮನೆಯ ಮೇಲೆ ಹತ್ತಿ ಫೋನನ್ನು ಆಕಾಶಕ್ಕೆ ಹಿಡಿದೆ. ಎರಡು ಕಡ್ಡಿ ನೆಟ್‌ವರ್ಕ್. ವಿಡಿಯೋ ತೆವಳಿತು, ನಿಂತಿತು, ಮತ್ತೆ ತೆವಳಿತು. ಸೂರ್ಯ ಅತ್ತ ಮುಳುಗುವುದಕ್ಕೂ ಅದು ಇತ್ತ ಹೋಗುವುದಕ್ಕೂ ಸರಿಹೋಯಿತು. ಕೆಳಗಿಂದ ಅಪ್ಪ, "ಓಯ್ತಾ? ಓಯ್ತಾ?" ಅಂತ ನನಗಿಂತ ಜೋರಾಗಿ ಕೂಗುತ್ತಿದ್ದ.

ಇಬ್ಬರೂ ಬದುವಿನ ಮೇಲೆ ಕೂತು ಕಾದೆವು. ಶಿವಣ್ಣನ ಫೋನೇ ಬಂತು. ಸ್ಪೀಕರಿಗೆ ಹಾಕಿದೆ.

"ನೋಡ್ದೆ ಕಣಪ್ಪ ಮಂಜು. ಕಂಡಕ್ಟರ್ ಪರ್ವಾಗಿಲ್ಲ. ಡಾಕ್ಟ್ರನ್ನ ಎಲ್ಲಾರೂ ಮಾಡ್ತಾರೆ ಬುಡು. ಆದ್ರೆ ಮೊದಲಲ್ಲಿ ಒಬ್ಬ ಬತ್ತಾನಲ್ಲ, ಕ್ಯಾಮ್ರಾಕ್ಕೆ ಮೂಗು ತೂರಿಸ್ಕಂಡು, 'ಅವ್ವಾ, ಕೆಂಪ್ ಚುಕ್ಕಿ ಬಂತಾ, ನಾನ್ ಕಾಣ್ತೀನಾ, ಕೂದ್ಲು ಸರಿಗಿದ್ದದಾ, ಮುಟ್ಬ್ಯಾಡ ಕಣವ್ವಾ ಸವೆದೋಯ್ತದೆ' ಅಂತಾನಲ್ಲ, ಅವನ್ಯಾರಪ್ಪ? ಅಂಥ ಪೆದ್ದನ್ನ ಎಲ್ಲಿ ಹಿಡ್ದೆ? ಇಲ್ಲಿ ತಬಲಾದೋನು ಕುರ್ಚಿಯಿಂದ ಬಿದ್ದ. ಮಿಕ್ಕಿದ್ದೆಲ್ಲ ಬ್ಯಾಡ. ಭಾನುವಾರ ಬಂದು ಅವನೊಬ್ಬನ್ನೇ ಮಾಡು, ಕಾಲುಗಂಟೆ."

ಅಪ್ಪ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಭುಜ ಮಾತ್ರ ಕುಣಿಯುತ್ತಿತ್ತು.

ಅವಕಾಶ ಸಿಕ್ಕಿತಲ್ಲ, ಬಿಡುವುದುಂಟೇ? ಮಾರನೆಯ ದಿನವೇ ಬ್ಯಾರನ್ ಮುಂದೆ ತಾಲೀಮು ಶುರು. ಊರಲ್ಲಿ ಯಾರನ್ನು ಹೇಳಿದರೂ ಕಣ್ಣು ಮುಚ್ಚಿ ಮಾಡುವ ನಾನು, ನನ್ನನ್ನು ಮಾಡಲು ನಿಂತರೆ ದನಿಯೇ ಸಿಗಲಿಲ್ಲ. ಒಂದು ಸಲ ಮಾಡಿದೆ, ಹೆಂಗಸರು ಸುಮ್ಮನೆ ಸೊಪ್ಪು ಕಟ್ಟಿದರು. ಇನ್ನೊಂದು ಸಲ ಮಾಡಿದೆ. ಅವ್ವ ಅಯ್ಯೋ ಅನ್ನುವ ಮುಖ ಮಾಡಿ, "ಬೋ ಚೆಂದಾಗದೆ ಮಗಾ, ಆದ್ರೆ ಅವನು ಇಷ್ಟು ಬುದ್ವಂತ ಅಲ್ಲ" ಅಂದಳು. ಆಗ ಅಪ್ಪ ಎದ್ದ. ನನ್ನ ಫೋನು ಕೈಯಿಂದ ಕಿತ್ತುಕೊಂಡ, ಅದನ್ನು ಎದೆಗೆ ಒತ್ತಿಕೊಂಡ, ಕತ್ತು ಓರೆ ಮಾಡಿ, ಅರ್ಧ ಬಾಯಿ ತೆರೆದುಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದ. ಅಷ್ಟೇ. ಇಷ್ಟು ವರ್ಷ ನಾನು ಎಷ್ಟೆಲ್ಲ ಒದ್ದಾಡಿದರೂ ಬಾರದ ನಗು ಆ ಹೆಂಗಸರಿಂದ ಬಂತು. ಒಬ್ಬಳು ಕೈಯಲ್ಲಿದ್ದ ಕಡ್ಡಿಯನ್ನೇ ಬಿಸಾಡಿ ಎದ್ದು ಓಡಿಹೋಗಿ ಗೋಡೆ ಹಿಡಿದುಕೊಂಡು ನಕ್ಕಳು.

ಭಾನುವಾರ ಭೇರ್ಯದ ಸ್ಟೇಜು ಹತ್ತುವವನು ನಾನೇ, ಅದರಲ್ಲಿ ಸಂಶಯವಿಲ್ಲ. ಅಪ್ಪ ದಿನಾ ಸಂಜೆ ಎದುರಿಗೆ ನಿಲ್ಲಿಸಿಕೊಂಡು ನನ್ನನ್ನು ನನಗೆ ಹೇಳಿಕೊಡುತ್ತಿದ್ದಾನೆ. ನಡಿಗೆ ಹೇಗೋ ಕೂಡಿ ಬಂದಿದೆಯಂತೆ. ಪೆದ್ದುತನಕ್ಕೆ ಮಾತ್ರ ಇನ್ನೂ ಅಭ್ಯಾಸ ಸಾಲದಂತೆ.