ದಿಣ್ಣೆ ಹತ್ತದ ಬಸ್ಸು

೧. ರುಮಾಲು

ಗಂಡು ಬಸ್ಸಿನಿಂದ ಇಳಿಯಲಿಲ್ಲ.

ಮಿಕ್ಕವರೆಲ್ಲ ಇಳಿದಿದ್ದರು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಮಧುಗಿರಿಯಿಂದ ಶಿರಾಕ್ಕೆ ನಾನು ಓಡಿಸುತ್ತಿದ್ದದ್ದು ಇದ್ದಿಲ ಬಸ್ಸು. ಹಿಂದುಗಡೆ ಒಂದು ದೊಡ್ಡ ಒಲೆ. ಅದರಿಂದ ಬರುವ ಗ್ಯಾಸೇ ಎಂಜಿನ್ನಿಗೆ ಊಟ. ಬಡವನಹಳ್ಳಿ ದಾಟುವವರೆಗೆ ಚೆನ್ನಾಗಿಯೇ ಬರುತ್ತಿತ್ತು. ಶಿರಾ ಊರಂಚಿನ ದಿಣ್ಣೆಯಲ್ಲಿ, ಕಡಲೆಕಾಯಿ ಎಣ್ಣೆ ಮಿಲ್ಲಿನ ಎದುರಿಗೆ, ಉಸಿರು ಕಟ್ಟುತ್ತಿತ್ತು. ದಿನಾ ಅಲ್ಲೇ.

ಕಂಡಕ್ಟರ್ ಒಲೆಯ ಕೆಂಡ ಕೆದಕಿ ಕೆಳಗೆ ಸುರಿದು ಹೊಸ ಇದ್ದಿಲು ತುಂಬುತ್ತಿದ್ದ. ಆ ಕೆಂಡಕ್ಕೆ ಒಬ್ಬ ಅಜ್ಜಿ ಕಾದಿರುತ್ತಿದ್ದಳು. ರಸ್ತೆ ಪಕ್ಕದಲ್ಲೇ ಅವಳ ಗುಡಿಸಲು. ಕೆಂಡದಲ್ಲಿ ಕಡಲೆಕಾಯಿ ಹುರಿದು ಮಾರುತ್ತಿದ್ದಳು. ಬಸ್ಸು ಕೆಟ್ಟು ನಿಂತರೆ ಅವಳ ಒಲೆ ಉರಿಯುತ್ತಿತ್ತು. ಹೊಗೆ, ಧೂಳು, ಹುರಿದ ಕಾಯಿಯ ವಾಸನೆ, ಮಿಲ್ಲಿನ ಗುಂಯ್ ಎನ್ನುವ ಸದ್ದು. ಮಧ್ಯಾಹ್ನದ ಬಿಸಿಲಲ್ಲಿ ಆ ದಿಣ್ಣೆ ನೆಲ ಬಿಟ್ಟು ತೇಲುತ್ತಿರುವ ಹಾಗೆ ಕಾಣುತ್ತಿತ್ತು. ಜನ ಕಾಯಿ ತಿಂದು, ಸಿಪ್ಪೆ ಕೊಡವಿ, ಬಸ್ಸು ತಳ್ಳುತ್ತಿದ್ದರು.

ಅವತ್ತು ಹೆಣ್ಣು ನೋಡಲು ಹೊರಟಿದ್ದ ಗಂಡಿನ ತಲೆಯ ಮೇಲೆ ಹೊಸ ಜರಿ ರುಮಾಲು. ಮಸಿ ಹಿಡಿಯುತ್ತದೆಂದು ಒಳಗೇ ಕೂತ. ಬೀಗರನ್ನು ಎದುರುಗೊಳ್ಳಲು ದಿಣ್ಣೆಗೆ ಬಂದಿದ್ದ ಹೆಣ್ಣಿನ ತಂದೆ, ಬಂದ ತಪ್ಪಿಗೆ ತಾನೂ ಭುಜ ಕೊಟ್ಟ.

“ಯಾವನ್ಲಾ ಅವ್ನು, ಒಳ್ಗೆ ಗುಂಡುಕಲ್ನಂಗೆ ಕುಂತವ್ನೆ? ಇಳಿಯಲೇ!” ಎಂದು ತಳ್ಳುತ್ತಲೇ ಕೂಗಿದ.

ಗಂಡು ಮುಖ ಆ ಕಡೆ ತಿರುಗಿಸಿಕೊಂಡ. ದಿಣ್ಣೆಯ ನೆತ್ತಿಯಲ್ಲಿ ಪರಿಚಯವಾಯಿತು. ಒಬ್ಬರ ಮುಖ ಮಸಿ, ಇನ್ನೊಬ್ಬರ ಮುಖ ಬಿಳಿ.

ಮದುವೆಯೇನೋ ಆಯಿತು. ಆದರೆ ಮಾವ ಬದುಕಿರುವವರೆಗೂ ಅಳಿಯನನ್ನು ಊಟಕ್ಕೆ ಏಳಿಸುವಾಗ “ಇಳೀರಪ್ಪಾ, ಇಳೀರಿ” ಅಂತಲೇ ಅನ್ನುತ್ತಿದ್ದ.

೨. ನಿದ್ದೆ

ನಮ್ಮ ಬಸ್ಸಿನಲ್ಲಿ ಎಲ್ಲರೂ ನಿದ್ದೆ ಮಾಡುತ್ತಿದ್ದರು. ಒಲೆಯ ಕಾವು, ತೂಗಾಟ. ದಿನಾ ಬರುವವರು ದಿಣ್ಣೆಯಲ್ಲಿ ಕಣ್ಣು ಮುಚ್ಚಿಕೊಂಡೇ ಇಳಿದು, ಕಣ್ಣು ಮುಚ್ಚಿಕೊಂಡೇ ತಳ್ಳಿ, ಹಾಗೇ ಹತ್ತಿ ಮಲಗುತ್ತಿದ್ದರು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಯಾರದೋ ಕನಸಿನಲ್ಲಿ ಬಸ್ಸು ಓಡಿಸಿದ ಹಾಗಿರುತ್ತಿತ್ತು.

ಪಾವಗಡದ ಒಬ್ಬ ವ್ಯಾಪಾರಿ ಹಾಗೆ ತಳ್ಳಿ, ಹಾಗೇ ಹತ್ತಿದ. ಹತ್ತಿದ್ದು ಬಸ್ಸನ್ನಲ್ಲ. ಪಕ್ಕದಲ್ಲಿದ್ದ ಕಡಲೆಕಾಯಿ ಗಾಡಿಯನ್ನು. ಮೂಟೆಗೆ ಒರಗಿ ಮಲಗಿದ. ಗಾಡಿ ಮಿಲ್ಲಿನೊಳಕ್ಕೆ ಹೋಯಿತು. ಆಳುಗಳು ಮೂಟೆ ಇಳಿಸುತ್ತಾ ಅವನನ್ನೂ ಕೈ ಕಾಲು ಹಿಡಿದು ಇಳಿಸಿದರು. ಆಗ ಕಣ್ಣು ಬಿಟ್ಟ.

“ಏ ಊರಯ್ಯಾ ಇದಿ?” ಎಂದ ತೆಲುಗಿನಲ್ಲಿ. ಯಾವ ಊರು ಇದು ಅಂತ.

ಮಿಲ್ಲಿನ ಮೇಸ್ತ್ರಿ ಹೇಳಿದ: “ಊರಲ್ಲ ಸ್ವಾಮಿ, ಗಾಣ. ಇನ್ನೊಂದ್ ಗಳ್ಗೆ ಮಲ್ಗಿದ್ರೆ ಡಬ್ಬದಾಗೆ ಬತ್ತಿದ್ರಿ.”

೩. ಬಾಯಿ ತುಂಬ

ಎಲ್ಲರೂ ನಕ್ಕರು. ಮಿಲ್ಲಿನ ಸಾಹುಕಾರರು ನಗಲಿಲ್ಲ. ತಮ್ಮ ಬಾಗಿಲಲ್ಲಿ ಈ ಸಂತೆ ಯಾಕೆ? ಕಾಯಿ ಹುರಿಯುವುದಕ್ಕೆ ತಾನೆ ಜನ ನಿಲ್ಲುವುದು? ಗುಡಿಸಲು ಹೋದರೆ ಎಲ್ಲ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಬಸ್ಸು ನಿಲ್ಲುವುದು ಒಲೆಯ ದೋಷದಿಂದ ಎಂದು ಹೇಳಿದೆ. ಕೇಳಲಿಲ್ಲ.

ಅಜ್ಜಿಯ ಮುಂದೆ ನಿಂತರು. “ಏನಮ್ಮಾ, ಈ ಗುಡಿಸಲು...”

“ಬಿಸಿ ಐತೆ ಬುದ್ದಿ, ಊದ್ಕಂಡು ತಿನ್ನಿ,” ಎಂದು ಅಜ್ಜಿ ಬೊಗಸೆ ತುಂಬ ಕೊಟ್ಟಳು.

ತಿಂದರು. ಹೋದರು. ಮಾರನೆಯ ದಿನವೂ ಎಬ್ಬಿಸಲು ಬಂದರು, ತಿಂದರು, ಹೋದರು. ಅಜ್ಜಿ ನನ್ನ ಹತ್ತಿರ ಬಂದು, “ಎಲ್ಲಿಗೋಗ್ಲಪ್ಪಾ ನಾನು? ಕೆಂಡ ಸುರಿಯೋ ಬಸ್ಸು ಇನ್ನೆಲ್ ನಿಂತದೆ?” ಎಂದಳು.

ಸಾಹುಕಾರರು ತಾಲ್ಲೂಕಿನ ಅಮಲ್ದಾರರನ್ನು ಕರೆತಂದರು. ಅಮಲ್ದಾರರು ಗುಡಿಸಲನ್ನು ಸುತ್ತಿ ನೋಡಿದರು. ಅವರಿಗೂ ಬೊಗಸೆ ತುಂಬಿತು. ತುಂಬ ಹೊತ್ತು ಅಗಿದರು.

“ಮಿಲ್ಲಿನ ಬಯಲಲ್ಲಿ ಕಂಬಳಿ, ಕಡಲೆಕಾಯಿ ಪ್ರದರ್ಶನ ಇದೆಯಲ್ಲ. ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ. ಅವರೇ ನೋಡಿ ಅಪ್ಪಣೆ ಕೊಡಲಿ.”

“ತಾವು ಹೇಳಿದರೆ ಸಾಲದೆ?” ಎಂದರು ಸಾಹುಕಾರರು.

“ಹೇಳಬಹುದಿತ್ತು. ಹಲ್ಲಿಗೆ ಸಿಕ್ಕಿಕೊಂಡಿದೆ.”

೪. ಅಭ್ಯಾಸ

ಪ್ರದರ್ಶನದ ದಿನ ದಿಣ್ಣೆಗೆ ಬಾಳೆಕಂದು ಕಟ್ಟಿದ್ದರು. ರಸ್ತೆಗೆ ನೀರು ಚಿಮುಕಿಸಿದ್ದರು. ಒದ್ದೆ ಮಣ್ಣಿನ ವಾಸನೆ. ಓಲಗದವರು ಒಂದು ಕಡೆ, ಕಂಬಳಿಗಳು ಒಂದು ಕಡೆ. ಗುಡಿಸಲು ಕಾಣದಿರಲೆಂದು ಸಾಹುಕಾರರು ಅದರ ಮುಂದೆ ಹಸಿರು ತೋರಣ ಎಳೆಸಿದ್ದರು. ಅಜ್ಜಿ ತೋರಣದ ಹಿಂದೆ ಕೂತಿದ್ದಳು. ತೀರ್ಮಾನ ಅವತ್ತೇ ಎಂದು ಅವಳಿಗೆ ಗೊತ್ತಿತ್ತು. ಕಾಯಿ ಹುರಿದಿರಲಿಲ್ಲ.

ದೊಡ್ಡ ಸಾಹೇಬರು ಮಧುಗಿರಿಯಲ್ಲಿ ಕ್ಯಾಂಪು ಮುಗಿಸಿ ಬರುವವರು. ಅವರ ಕಾರು ಮುಂದೆ, ನನ್ನ ಬಸ್ಸು ಹಿಂದೆ. ಸ್ವಾಗತದ ಚಪ್ಪರ ಹಾಕಿದ್ದದ್ದು ದಿಣ್ಣೆಯ ನಡುವೆ. ಕಾರು ಅಲ್ಲಿ ನಿಂತಿತು. ಎಂಜಿನ್ ಆರಿಸಿದರು. ಡ್ರೈವರು ಹಿಂದಿನ ಗಾಲಿಗೆ ಹಿಂದುಗಡೆ ಕಲ್ಲು ಕೊಟ್ಟು, ಬಾಗಿಲು ತೆಗೆಯಲು ಸುತ್ತಿ ಬರುತ್ತಿದ್ದ.

ಅಷ್ಟರಲ್ಲಿ ನನ್ನ ಬಸ್ಸಿಗೂ ಉಸಿರು ಕಟ್ಟಿತು. ನನ್ನ ಜನ ಇಳಿದರು. ಅರ್ಧ ನಿದ್ದೆ. ದಿಣ್ಣೆಯಲ್ಲಿ ಸದ್ದಿಲ್ಲದೆ ನಿಂತ ಗಾಡಿ ಕಣ್ಣಿಗೆ ಬಿತ್ತು. ಕೈಗೆ ಅಭ್ಯಾಸ. ಪಂಚೆ ಎತ್ತಿ ಕಟ್ಟಿದರು. ಕಾರಿಗೆ ಭುಜ ಕೊಟ್ಟರು. ಮಿಲ್ಲಿನ ಹೆಂಗಸರೂ ಓಡಿ ಬಂದು ಸೇರಿದರು.

“ಐಸಾ!”

ಓಲಗದವರು ಇದೇ ಸಮಯವೆಂದು ಊದಿದರು. ಕಾರು ಚಪ್ಪರ ದಾಟಿತು. ಹಾರ ಹಿಡಿದಿದ್ದ ಅಮಲ್ದಾರರನ್ನು ದಾಟಿತು. ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ನಿಲ್ಲಿಸಿ! ನಿಲ್ಲಿಸ್ರಯ್ಯಾ!” ಎಂದು ಕೂಗಿದರು. ಒಳಗೆ ಕೂತವರು ಕೂಗುವುದು ನಮ್ಮವರಿಗೆ ಹೊಸದಲ್ಲ.

“ಇಳ್ದು ತಳ್ಳಕ್ಕಂತೂ ಆಗ್ಲಿಲ್ಲ, ಸುಮ್ಕೆ ಕುಂತ್ಕಳಿ ಸ್ವಾಮಿ!” ಎಂದ ಒಬ್ಬ.

ಕಾರು ನೆತ್ತಿ ದಾಟಿ ಆ ಕಡೆ ಮೆಲ್ಲಗೆ ಉರುಳಿತು. ಡ್ರೈವರು, ಅವನ ಹಿಂದೆ ಅಮಲ್ದಾರರು, ಅವರ ಹಿಂದೆ ಸಾಹುಕಾರರು ಓಡಿದರು. ಹುಣಿಸೆ ಮರದ ಹತ್ತಿರ ಮರಳಿನಲ್ಲಿ ತಾನಾಗಿಯೇ ನಿಂತಿತು. ನಮ್ಮವರು ಕೈ ಕೊಡವಿಕೊಂಡು ಅಜ್ಜಿಯ ಕಡೆ ನಡೆದರು. ತಳ್ಳಿದ ಮೇಲೆ ಹಸಿವು.

ಸಾಹೇಬರು ಬಿಸಿಲಲ್ಲಿ ದಿಣ್ಣೆ ಹತ್ತಿ ವಾಪಸು ಬಂದರು. ಅವರ ತಲೆಯ ಜರಿ ರುಮಾಲು ಈಗ ಕೈಯಲ್ಲಿತ್ತು. ಮೊದಲು ಸಿಕ್ಕಿದ ನೆರಳು ಅಜ್ಜಿಯದೇ. ತೋರಣ ಸರಿಸಿ ಗುಡಿಸಲೊಳಗೆ ಕೂತರು. ಅಜ್ಜಿ ಮಜ್ಜಿಗೆ ಕೊಟ್ಟಳು. ಕಂಡಕ್ಟರ್ ನನ್ನ ಬಸ್ಸಿನ ಕೆಂಡ ಸುರಿದ. ಅಜ್ಜಿ ಕಾಯಿ ಹುರಿದಳು.

ಏದುಸಿರು ಬಿಡುತ್ತಾ ಸಾಹುಕಾರರು ಬಂದರು. “ಮಹಾಸ್ವಾಮಿ, ಈ ಗುಡಿಸಲನ್ನೇ ತೆಗೆಸಬೇಕೆಂದು ನಮ್ಮ ಅರಿಕೆ.”

ಸಾಹೇಬರು ಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ನಾನು ಎದ್ದ ಮೇಲೋ, ಈಗಲೇಯೋ?”

ಪ್ರದರ್ಶನ ಶುರುವಾಗುವ ಹೊತ್ತಿಗೆ ಸಂಜೆಯಾಯಿತು.

ಗುಡಿಸಲು ತೆಗೆಯುವ ಅಪ್ಪಣೆ ಬರಲಿಲ್ಲ. ಬೇರೊಂದು ಅಪ್ಪಣೆ ಬಂತು. ದಿಣ್ಣೆಯ ಮೇಲೆ ಒಂದು ಕಂಬ ನೆಟ್ಟು ಹಲಗೆ ಹೊಡೆದರು: “ಇಲ್ಲಿ ಕಾರುಗಳನ್ನು ತಳ್ಳಕೂಡದು.”

ಗಟ್ಟಿ ಕಂಬ. ಅಜ್ಜಿ ಗುಡಿಸಲನ್ನು ಅಲ್ಲಿಯವರೆಗೆ ಬೆಳೆಸಿ, ಸೂರಿನ ಹಗ್ಗವನ್ನು ಅದಕ್ಕೇ ಕಟ್ಟಿದಳು.