ಕಣ್ಣೊಳಗಿನ ಪೈಪ್‌ಲೈನು

ಮರುಳಪ್ಪ: ಬೆರಳು ನೋಯ್ತಾವಂದ್ರ ಬೆರಳು ತೋರಿಸಬೇಕು. ಕಣ್ಣು ತೋರಿಸೋದು ಯಾವ ಸೀಮಿ ಪದ್ಧತಿ? ನಾಳಿ ಹೊಟ್ಟಿ ನೋಯ್ತೈತಂದ್ರ ಕಿವಿ ತೋರಿಸ್ತೀಯೇನು?

ಕೊಟ್ರಬಸಮ್ಮ: ಕಳಿಸಿದ್ದು ದಾವಣಗೆರಿ ಕೀಲಿನ ಡಾಕ್ಟ್ರು. ಅವರನ್ನ ಕೇಳಬೇಕಿತ್ತು. ಅಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕುಂತಿದ್ರಿ.

ಮರುಳಪ್ಪ: ಅಲ್ಲಿ ಎಸಿ ಇತ್ತು. ತಂಪಿನ್ಯಾಗ ನನಗ ಜಗಳ ಬರಂಗಿಲ್ಲ.

ಹರಪನಹಳ್ಳಿಯ ಕಣ್ಣಿನ ದವಾಖಾನೆಯ ಬೆಂಚಿಗೆ ಎಸಿಯ ಭಾಗ್ಯವಿರಲಿಲ್ಲ. ಕೊಟ್ಟೂರಿನಲ್ಲಿ ಪೈಪು, ಮೋಟಾರುಗಳ ಅಂಗಡಿ ಇಟ್ಟಿರುವ ಮರುಳಪ್ಪನವರು ವರ್ತಕರ ಸಂಘದ ಅಧ್ಯಕ್ಷರೂ ಹೌದು; ಹಾಗಾಗಿ ಬೆಂಚಿನ ಮುಕ್ಕಾಲು ಪಾಲು ಅವರಿಗೇ ಬೇಕಾಗಿತ್ತು. ಹೆಂಡತಿಗೆ ಸಂಧಿವಾತವೆಂದು ಡಾಕ್ಟರು ಹೇಳಿ ವರ್ಷವಾದರೂ, ಅವರ ಪ್ರಕಾರ ಅದು ರೋಗವಲ್ಲ. ರೊಟ್ಟಿ ಬಡಿಯಲು ಒಲ್ಲೆ ಎನ್ನುವುದಕ್ಕೆ ದಾವಣಗೆರೆಯವರು ಇಟ್ಟ ದೊಡ್ಡ ಹೆಸರು. ಈಗ ರೊಟ್ಟಿ ಬರುತ್ತಿದ್ದುದು ಓಣಿಯ ಗಾಳೆಮ್ಮನ ಮನೆಯಿಂದ. ಅಧ್ಯಕ್ಷರು ಕೊಂಡ ರೊಟ್ಟಿ ತಿನ್ನುತ್ತಾರೆಂದು ಊರಿಗೆಲ್ಲ ಗೊತ್ತಾಗಿತ್ತು. ಕಣ್ಣಿನ ಡಾಕ್ಟರ ಬಾಯಿಂದಲೇ ‘ಏನೂ ಇಲ್ಲ’ ಅನ್ನಿಸಿ, ನಾಳೆಯಿಂದ ಹೆಂಡತಿಯನ್ನು ಮತ್ತೆ ಹಂಚಿನ ಮುಂದೆ ಕೂರಿಸಬೇಕೆಂದೇ ಅವರು ಅಂಗಡಿ ಬಿಟ್ಟು ಬಂದಿದ್ದರು.

ಕೊಟ್ರಬಸಮ್ಮ: ಮುಂಜಾನಿ ಎದ್ರ ಮುಷ್ಟಿ ಮಡಚಾಕ ಬರಂಗಿಲ್ಲ. ಸೀರಿ ನಿರಿಗಿ ಹಿಡಿಯಾಕ ಹೋದ್ರ ಅಳು ಬರ್ತೈತಿ.

ಮರುಳಪ್ಪ: ಮೊಬೈಲ್ ಹಿಡಿಯಾಕ ಬರ್ತೈತಲ್ಲ?

ಕೊಟ್ರಬಸಮ್ಮ: ಮೊಬೈಲ್ ಬಡಿಯೋದಲ್ರಿ, ಒತ್ತೋದು. ನಿಮಗ ಬೇಕಂದ್ರ ಇವತ್ತು ಅದನ್ನಽ ಬೇಯಿಸಿ ಹಾಕ್ತೀನಿ.

ಅವಳು ನೀರಿನ ಬಾಟಲಿಯ ಮುಚ್ಚಳದೊಂದಿಗೆ ಒದ್ದಾಡುತ್ತಿದ್ದಳು. ಮರುಳಪ್ಪನವರು ಅದನ್ನು ಕಸಿದುಕೊಂಡು, ತಿರುವಿ, ತೆಗೆದುಕೊಟ್ಟರು.

ಮರುಳಪ್ಪ: ಎಕ್ಸ್‌ರೇದಾಗ ಏನರ ಮುರದದ್ದು ಕಾಣ್ತೇನು? ಕಾಣದ ನೋವು ನಾನು ನಂಬಂಗಿಲ್ಲ.

ಕೊಟ್ರಬಸಮ್ಮ: ಮತ್ತ ಮುಚ್ಚಳ ಯಾಕ ತಗದು ಕೊಟ್ರಿ?

ಮರುಳಪ್ಪ: ಅದು... ಬಿಗಿ ಇತ್ತು.

ಒಳಗಿನಿಂದ ಕರೆ ಬಂತು. ಕಣ್ಣಿನ ಡಾಕ್ಟರ್ ಯಶೋಧರಾ ಹರಪನಹಳ್ಳಿಯವರೇ. ದಿನವೂ ಇಂಥ ಗಂಡಂದಿರನ್ನು ನೋಡಿ ನೋಡಿ ತಾಳ್ಮೆ ಕಲಿತವರು.

ಯಶೋಧರಾ: ಸಂಧಿವಾತ ಬರೇ ಕೀಲಿನ್ಯಾಗ ಇರಂಗಿಲ್ಲ ಯಜಮಾನ್ರ. ಅದರ ಉರಿಯೂತ ರಕ್ತನಾಳಕ್ಕೂ ತಾಗಬಹುದು. ಮೈ ಕೊಯ್ಯದಽ ರಕ್ತನಾಳ ಕಣ್ಣಿಗೆ ಕಾಣೋ ಜಾಗ ಅಂದ್ರ ಕಣ್ಣಿನ ಹಿಂದಿನ ಪರದಿ. ಅದಕ್ಕ ಅದರ ಫೋಟೋ ತಗೀತೀವಿ.

ಮರುಳಪ್ಪ: ಹಂಗಾದ್ರ ನಂದೂ ತಗೀರಿ! ನನಗ ಒಂದು ರೋಗ ಇಲ್ಲ. ಎರಡೂ ಪಕ್ಕಪಕ್ಕ ಇಡ್ರಿ. ಜನ್ಮ ಎಲ್ಲಾ ಪೈಪು ಮಾರೀನಿ, ಯಾವ ಲೈನು ಸರಿ ಐತಿ ಅನ್ನೋದು ನಾನಽ ಹೇಳ್ತೀನಿ.

ಡಾಕ್ಟರು ನಕ್ಕು ಒಪ್ಪಿದರು. ಇಬ್ಬರ ಕಣ್ಣಿಗೂ ಹನಿ ಬಿತ್ತು, ಫೋಟೋ ಆಯಿತು. ಕಂಪ್ಯೂಟರ್ ಪರದೆಯ ಮೇಲೆ ಒಬ್ಬೊಬ್ಬರದೊಂದರಂತೆ ಕಿತ್ತಳೆ ಬಣ್ಣದ ಎರಡು ದುಂಡು ಚಿತ್ರಗಳು ಬಂದವು, ಒಳಗೆಲ್ಲ ಕೆಂಪು ಕವಲುಗಳು. ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರುಗಳಿದ್ದವು. ಹನಿ ಬಿದ್ದ ಕಣ್ಣಿಗೆ ಅವು ಮಸುಕಾಗಿ ಕಂಡವು. ಓದಲಾಗುತ್ತಿಲ್ಲವೆಂದು ಒಪ್ಪಿಕೊಳ್ಳುವುದು ಅಧ್ಯಕ್ಷರ ಘನತೆಗೆ ತಕ್ಕದ್ದಲ್ಲ. ಅವರು ನೇರವಾಗಿ ಭಾಷಣಕ್ಕೇ ಇಳಿದರು.

ಮರುಳಪ್ಪ: ಈ ಎಡಗಡಿದು ನೋಡ್ರಿ, ತುಂಬಿದ ಲೈನು! ಎರಡಿಂಚಿನ ಪೈಪಿನಂಗ ಅಗಲ. ಹೊಲದ ಕಡೀತನಕ ನೀರು ಮುಟ್ಟತೈತಿ. ಇದು ನಂದು. ಬಲಗಡಿದು ಸೊರಗಿದ ಡ್ರಿಪ್ ಪೈಪು. ಒಂದರ ಮ್ಯಾಲ ಒಂದು ದಾಟೋ ಕಡಿ ಯಾರೋ ಚಿವುಟಿದಂಗೈತಿ. ಇದು ಇಕಿದು.

ಯಶೋಧರಾ: ಯಾಕ ಹಂಗಾತಂತೀರಿ?

ಮರುಳಪ್ಪ: ಯಾಕಂದ್ರ ಸಿಟ್ಟು! ಉಪ್ಪಿನಕಾಯಿ! ಯಾರ ಮಾತೂ ಕೇಳಂಗಿಲ್ಲ, ಎಲ್ಲಾ ತನಗಽ ಗೊತ್ತು ಅನ್ನೋ ಹಟ! ಬರಕೊಳ್ರಿ.

ಯಶೋಧರಾ: ಬರಕೊಂಡೆ. ಭಾಳ ಸರಿಯಾಗಿ ಹೇಳಿದ್ರಿ. ಆದ್ರ ಬಲಗಡಿದು ನಿಮ್ಮ ಕಣ್ಣು.

ಕೊಟ್ರಬಸಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬಾಯಿಗೆ ಏನೂ ಅಂಟಿರಲಿಲ್ಲ. ಆದರೆ ಸಂಘದ ಸಭೆಗಳಲ್ಲಿ ಬಿದ್ದು ಎದ್ದು ಅಭ್ಯಾಸವಿದ್ದ ಮರುಳಪ್ಪನವರು ಬೇಗ ಚೇತರಿಸಿಕೊಂಡರು.

ಮರುಳಪ್ಪ: ಹಂಗಾದ್ರ ಆ ಎರಡಿಂಚಿನ ಲೈನು ಇಕಿದಾತು! ಕೇಳಿದೇನು? ನಿನಗ ಏನೂ ಆಗಿಲ್ಲ. ರೊಟ್ಟಿ ಬಡಿ!

ಯಶೋಧರಾ: ಇಲ್ಲಿ ಅಗಲ ಆದದ್ದು ಬಲ ಅಲ್ರಿ. ಉರಿಯೂತ ಇದ್ದೋರಿಗೆ ರಕ್ತನಾಳ ಹಿಂಗ ಹಿಗ್ಗಬಹುದು. ಅಮ್ಮಾರ, ದೃಷ್ಟಿಗೆ ಈಗೇನೂ ತೊಂದ್ರಿ ಇಲ್ಲ, ಅಂಜಬ್ಯಾಡ್ರಿ. ಕೀಲಿನ ಗುಳಿಗಿ ಮಾತ್ರ ಬಿಡಬ್ಯಾಡ್ರಿ. ಊದಿದ ಕೈಲೆ ರೊಟ್ಟಿ ಬಡಿಯೋದಂತೂ ಬ್ಯಾಡಽ ಬ್ಯಾಡ. ಯಜಮಾನ್ರ, ನಿಮ್ಮಂಗ ಸೊರಗಿ ಚಿವುಟಿದಂಗ ಆಗೋದು ಬಿಪಿ ಏರಿದ್ರ. ತೋಳು ಚಾಚ್ರಿ, ನೋಡೋಣ.

ನರ್ಸು ಪಟ್ಟಿ ಸುತ್ತಿ ನೋಡಿದಳು. ನಂಬಿಕೆ ಬಾರದೆ ಇನ್ನೊಮ್ಮೆ ಸುತ್ತಿದಳು. ಎರಡು ಸಲವೂ ಬಿಪಿ ಏರಿಯೇ ಇತ್ತು.

ಮರುಳಪ್ಪ: ಮಿಷನ್ ಕೆಟ್ಟಿರಬೇಕು. ನನಗ ಎಲ್ಲೂ ನೋವಿಲ್ಲ. ನೋವಿಲ್ಲದ ರೋಗ ಎಲ್ಲರ ಇರತೈತೇನ್ರಿ?

ಕೊಟ್ರಬಸಮ್ಮ: ನನ್ನ ನೋವು ಕಾಣಂಗಿಲ್ಲ, ಅದಕ್ಕ ಸುಳ್ಳು. ನಿಮ್ಮ ರೋಗ ಕಾಣತೈತಿ, ನೋವಿಲ್ಲ, ಅದೂ ಸುಳ್ಳು. ನಿಮ್ಮ ಅಂಗಡ್ಯಾಗ ಖರೇ ಮಾಲು ಯಾವುದೈತ್ರಿ?

ಡಾಕ್ಟರು ಉಪ್ಪು ಕಡಿಮೆ ಮಾಡಲು ಹೇಳಿದರು. ಉಪ್ಪಿನಕಾಯಿ ಪೂರ್ತಿ ಬಂದ್, ಬಿಪಿ ಗುಳಿಗೆಗಾಗಿ ನಾಳೆಯೇ ದೊಡ್ಡ ಡಾಕ್ಟರ ಭೇಟಿ. ಬಾಗಿಲು ದಾಟುವಾಗ ಮರುಳಪ್ಪನವರು ಹೆಂಡತಿಯ ಕಿವಿಯ ಬಳಿ ಬಗ್ಗಿದರು.

ಮರುಳಪ್ಪ: ಈ ಬಿಪಿ ಮಾತು ಊರಾಗ ಆಡಬ್ಯಾಡ. ಸಂಘದ ಎಲೆಕ್ಷನ್ ಹತ್ರ ಬಂದೈತಿ. ಆ ಎದುರಾಳಿ ಪಾಲಾಕ್ಷಪ್ಪಗ ಗೊತ್ತಾತಂದ್ರ ಮೈಕ್ ಹಿಡಕೊಂಡು ನನ್ನ ಮ್ಯಾಲ ಕನಿಕರ ತೋರಸ್ತಾನ.

ಹೊರಗೆ ಬೆಂಚಿನ ಮೇಲೆ, ಕಣ್ಣಿನ ಪೊರೆ ತೋರಿಸಲು ಕೊಟ್ಟೂರಿನಿಂದ ಬಂದು ಕೂತಿದ್ದವನು ಪಾಲಾಕ್ಷಪ್ಪನೇ.

ಪಾಲಾಕ್ಷಪ್ಪ: ಏನ್ರಿ ಅಧ್ಯಕ್ಷರ! ಗಂಡಹೆಂಡ್ತಿ ಇಬ್ರೂ ಇಲ್ಲಿ! ಯಾರಿಗೆ ಆರಾಮಿಲ್ರಿ?

ಮರುಳಪ್ಪನವರು ಎದೆ ಸೆಟೆಸಿದರು.

ಮರುಳಪ್ಪ: ನಮ್ಮಕಿಗೆ ರೀ! ಸಂಧಿವಾತ. ಭಾಳ ಜೋರೈತಿ. ಬೆರಳಷ್ಟಽ ಅಲ್ಲ, ಕಣ್ಣಿನ ರಕ್ತನಾಳದಾಗೂ ಕಾಣತೈತಿ. ರೊಟ್ಟಿ ಬಡಿಯೋದಿರಲಿ, ಚಮಚ ಎತ್ತಾಕೂ ನಾನು ಬಿಡಂಗಿಲ್ಲ.

ಪಾಲಾಕ್ಷಪ್ಪ: ಹೌದೇನವ್ವ? ಮೊನ್ನಿ ಇವರಽ ‘ಎಲ್ಲಾ ನಾಟಕ’ ಅಂದಿದ್ರು!

ಕೊಟ್ರಬಸಮ್ಮ: ಆವಾಗ ಕಂಡಿರಲಿಲ್ಲ ಅಣ್ಣಾ, ಇವತ್ತು ಕಂಡ್ರು. ಗಾಳೆಮ್ಮನ್ನ ದಿನಾ ಮನಿಗೇ ಕರಸಿ ರೊಟ್ಟಿ ಮಾಡಸ್ತಾರಂತ. ಹೌದಲ್ರಿ?

ಮರುಳಪ್ಪ: ಹೌದು... ಎರಡು ಹೊತ್ತೂ.

ಪಾಲಾಕ್ಷಪ್ಪ: ಹೆಂಡ್ತಿ ಮ್ಯಾಲ ಎಂಥಾ ಕಾಳಜಿ! ಸಂಘದ ಸಭಾದಾಗ ನಾನಽ ಎದ್ದು ನಿಂತು ಹೇಳ್ತೀನಿ.

ಕೊಟ್ರಬಸಮ್ಮ: ಹೇಳ್ರಿ ಅಣ್ಣಾ, ಎಲ್ಲರ ಮುಂದ ಹೇಳ್ರಿ. ಇವರು ಮಾತು ತಪ್ಪಿದ್ರ, ಉಳಿದದ್ದು ನಾನು ಬಂದು ಹೇಳ್ತೀನಿ.